ಹಸಿ ಗಡ್ಡೆ ಹೆಣೆದ ಗಂಗಿ

ಬೇಸಿಗೆಯಲ್ಲಿ ಕುಮಟಾದಿಂದ ಹೊನ್ನಾವರದ ಕಡೆ ಹೊರಟವರು ಹಂದಿಗೋಣದ ಆಸುಪಾಸಿನಲ್ಲಿ ಗಾಡಿಯ ವೇಗ ಇಳಿಸಲೇಬೇಕು. ಹೆದ್ದಾರಿಯ ಬದಿಗೆ ಬಿದಿರಿನ ಗಳ ಕಟ್ಟಿ, ಸಿಹಿ ಈರುಳ್ಳಿಯ ಗೊಂಚಲು ನೇತುಹಾಕಿಕೊಂಡು ಹೆಂಗಸರು ಸಾಲಾಗಿ ಕೂತಿರುತ್ತಾರೆ. ಅವರ ಮುಂದೆ ಕಾರುಗಳು ಹೇಗೆಂದರೆ ಹಾಗೆ ನಿಂತಿರುತ್ತವೆ. ಆ ಸಾಲಿನಲ್ಲಿ ಗಿರಾಕಿಯನ್ನು ಕೂಗಿ ಕರೆಯದವಳು ಒಬ್ಬಳೇ, ಗಂಗಿ ಪಟಗಾರ. ಬೇಕಾದವರು ಬರುತ್ತಾರೆ, ಬೇಡದವರನ್ನು ಕರೆದು ಏನು ಪ್ರಯೋಜನ ಎಂಬುದು ಅವಳ ಲೆಕ್ಕಾಚಾರ.

ಒಮ್ಮೆ ನನ್ನ ಎದುರಿಗೇ ಕಾರಿನಿಂದಿಳಿದವರೊಬ್ಬರು ಗೊಂಚಲನ್ನು ಎಳೆದೆಳೆದು ನೋಡಿ, ಇದನ್ನು ದಾರದಲ್ಲಿ ಗಟ್ಟಿಯಾಗಿ ಕಟ್ಟಬಾರದಿತ್ತೇ ಎಂದು ಕೇಳಿದರು. ಗಂಗಿ ಅದನ್ನು ಅವರ ಕೈಯಿಂದ ವಾಪಸು ತೆಗೆದುಕೊಂಡು ಗಳಕ್ಕೆ ಹಾಕಿ, ದಾರದ್ದು ಮುಂದಿನ ಅಂಗಡಿಯಲ್ಲಿ ಸಿಗುತ್ತದೆ ಎಂದಳು. ಮುಂದಿನ ಅಂಗಡಿಯಲ್ಲೂ ದಾರದ್ದು ಇಲ್ಲ. ಇಡೀ ಕುಮಟಾದಲ್ಲೇ ಇಲ್ಲ. ಇಲ್ಲಿ ಈರುಳ್ಳಿಯನ್ನು ಅದರದೇ ಎಲೆಯಿಂದ ಜಡೆಯ ಹಾಗೆ ಹೆಣೆಯುತ್ತಾರೆ. ಆ ಮನುಷ್ಯ ಎಷ್ಟು ದೂರ ಹುಡುಕಿಕೊಂಡು ಹೋದರೋ ಗೊತ್ತಿಲ್ಲ.

ನಾನು ಸುಮತಿ. ಕಾಸರಕೋಡದ ಹತ್ತಿರದ ಸರಕಾರಿ ಶಾಲೆಯಲ್ಲಿ ಪಾಠ ಮಾಡುತ್ತೇನೆ, ಮನೆ ಕುಮಟಾದಲ್ಲಿ, ಓಡಾಟ ಸ್ಕೂಟರಿನಲ್ಲಿ. ಹನ್ನೊಂದು ವರ್ಷದಿಂದ ದಾರಿಯಲ್ಲಿ ಗಂಗಿಯ ಹತ್ತಿರ ನಿಂತು ಹೋಗುವ ರೂಢಿ. ಅವಳು ನನ್ನನ್ನು ಅಕ್ಕೋರು ಎನ್ನುತ್ತಾಳೆ. ಈ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರೆಲ್ಲ ಅಕ್ಕೋರೇ. ಹಾಗೆ ಕರೆಸಿಕೊಂಡು ಕರೆಸಿಕೊಂಡು ನಮಗೆ ಒಂದು ರೋಗ ಬರುತ್ತದೆ. ಯಾರು ಏನು ಹೇಳಿಕೊಂಡರೂ ಕೂಡಲೇ ಬುದ್ಧಿ ಹೇಳುವ ರೋಗ. ಗಂಗಿಯ ಕಥೆಯಲ್ಲಿ ಆದ ದೊಡ್ಡ ಹಾಳು ನನ್ನ ಈ ರೋಗದಿಂದಲೇ ಆದದ್ದು, ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಎರಡು ವರ್ಷದ ಹಿಂದೆ, ಗದ್ದೆಯಲ್ಲಿ ಗಡ್ಡೆ ಬಲಿಯುತ್ತಿದ್ದ ಫೆಬ್ರವರಿಯಲ್ಲಿ, ಗಂಗಿಯ ಗಂಡ ಬೊಮ್ಮಯ್ಯ ನೀರು ಬಿಡಲು ಹೋದವನು ಎದೆ ಹಿಡಿದುಕೊಂಡು ಗದ್ದೆಯ ಅಂಚಿನಲ್ಲೇ ಕೂತುಬಿಟ್ಟ. ಕುಮಟಾದಲ್ಲಿ ಇಂಜೆಕ್ಷನ್ ಕೊಟ್ಟು ಮಂಗಳೂರಿಗೆ ಕಳಿಸಿದರು. ಹಂದಿಗೋಣದವನೇ ಆದ ದೇವರಾಜನ ಆಂಬುಲೆನ್ಸ್ ಎಲ್ಲೂ ನಿಲ್ಲದೆ ಓಡಿತು. ಸ್ಟೆಂಟ್ ಹಾಕಿದರು, ಆರನೇ ದಿನ ಬೊಮ್ಮಯ್ಯ ಮನೆಗೆ ಬಂದ. ಮಾತ್ರೆ ತಪ್ಪಿಸಬೇಡಿ, ಉಪ್ಪು ಕಡಿಮೆ ಮಾಡಿ, ನಿಧಾನಕ್ಕೆ ನಡೆದಾಡಿ ಎಂದಿದ್ದರು. ಅವನು ಹೇಳಿದಂತೆಯೇ ಕೇಳಿದ, ಚೇತರಿಸಿಕೊಂಡ. ಆಸ್ಪತ್ರೆಯಲ್ಲಿ ಮಲಗದ ಗಂಗಿಗೆ ಕಾಯಿಲೆ ಶುರುವಾಯಿತು.

ಮಾರ್ಚ್ ಕೊನೆಗೆ ನಾನು ಸ್ಕೂಟರ್ ನಿಲ್ಲಿಸಿದಾಗ ಅವಳ ಕಣ್ಣು ಕೆಂಪಗೆ ಊದಿತ್ತು. ಈರುಳ್ಳಿಯ ಘಾಟೇ ಎಂದು ತಮಾಷೆ ಮಾಡಿದೆ. ನಮ್ಮ ಈರುಳ್ಳಿಗೆ ಘಾಟೆಲ್ಲಿದೆ ಎಂದು ಸಿಡುಕಿ, ಆಮೇಲೆ ತಾನೇ ಹೇಳಿದಳು.

"ಮಲಗೂದು ಅಂದ್ರೆ ಹೆದ್ರಿಕೆ ಆತದೆ ಅಕ್ಕೋರೇ. ಬೆನ್ನು ಚಾಪೆಗೆ ತಾಗೂದೇ ತಡ, ಆಂಬುಲೆನ್ಸು ಹೊರಡ್ತದೆ."

ನಿಜವಾಗಿ ಹೋದ ದಿನ ದಾರಿಯಲ್ಲಿ ಏನೂ ಆಗಿರಲಿಲ್ಲ. ಆದರೆ ರಾತ್ರಿ ಅವಳ ತಲೆಯೊಳಗೆ ಹೊರಡುವ ಆಂಬುಲೆನ್ಸಿಗೆ ಆಗದ ತೊಂದರೆಯೇ ಇರಲಿಲ್ಲ. ಹೊನ್ನಾವರದಲ್ಲಿ ಶರಾವತಿ ಸೇತುವೆಯ ಮೇಲೆ ಟ್ಯಾಂಕರ್ ಕೆಟ್ಟು ನಿಂತಿರುತ್ತಿತ್ತು. ಅದನ್ನು ಹೇಗೋ ದಾಟಿದರೆ ಮುರ್ಡೇಶ್ವರ ಬರುವಷ್ಟರಲ್ಲಿ ಆಕ್ಸಿಜನ್ ಮುಗಿಯುತ್ತಿತ್ತು. ಭಟ್ಕಳದಲ್ಲಿ ಮಗಳು ಮಾಲತಿಯ ಗಂಡನ ಮನೆ, ಅವಳನ್ನು ಹತ್ತಿಸಿಕೊಳ್ಳಬೇಕೋ ಬೇಡವೋ? ಹತ್ತಿಸಿಕೊಂಡರೆ ಅವಳ ಕೂಸನ್ನು ನೋಡಿಕೊಳ್ಳುವವರು ಯಾರು? ಹತ್ತಿಸಿಕೊಳ್ಳದೆ ಹೋಗಿ, ಅಪ್ಪನ ಮುಖ ನೋಡಲಿಕ್ಕೂ ಕರೆಯಲಿಲ್ಲ ಎಂದು ಆಮೇಲೆ ಅವಳು ಕೇಳಿದರೆ ಏನು ಹೇಳುವುದು? ಅಲ್ಲಿಂದ ಮುಂದೆ ಟೋಲ್ ಗೇಟಿನ ಕಂಬಿ ಏಳುತ್ತಿರಲಿಲ್ಲ. ಮಂಗಳೂರು ಮುಟ್ಟುವ ಹೊತ್ತಿಗೆ ಹಂದಿಗೋಣದಲ್ಲಿ ಕೋಳಿ ಕೂಗುತ್ತಿತ್ತು.

ಇದರ ನಡುವೆ ಇನ್ನೊಂದು. ಪಕ್ಕದ ಚಾಪೆಯಲ್ಲಿ ಮಲಗಿದ ಬೊಮ್ಮಯ್ಯ ಉಸಿರಾಡುತ್ತಿದ್ದಾನೋ ಇಲ್ಲವೋ ಎಂದು ಅವಳು ರಾತ್ರಿಗೆ ಐದಾರು ಸಲ ಮೂಗಿನ ಹತ್ತಿರ ಕೈ ಒಯ್ದು ನೋಡುತ್ತಿದ್ದಳು. ಕೈ ಎತ್ತುವಷ್ಟರಲ್ಲಿ ಅವನ ಗೊರಕೆ ಕೇಳುತ್ತಿತ್ತಂತೆ. ಮದುವೆಯಾಗಿ ಮೂವತ್ತೈದು ವರ್ಷ ಗೊರಕೆ ಹೊಡೆಯದವನು ಆಸ್ಪತ್ರೆಯಿಂದ ಬಂದ ಮೇಲೆ ಹೊಡೆಯಲು ಕಲಿತಿದ್ದಾನೆ, ಹೃದಯ ಕೈಕೊಟ್ಟವನು ನೆಮ್ಮದಿಯಾಗಿ ಮಲಗುತ್ತಾನೆ, ತಾನು ಮಾತ್ರ ಕಾವಲು ಕಾಯುತ್ತೇನೆ ಎಂದು ಅವಳಿಗೆ ಸಿಟ್ಟು. ಗೊರಕೆ ಕೇಳಿಸಿದರೆ ಸಿಟ್ಟು, ನಿಂತರೆ ಭಯ.

ನಾನು ಕೂಡಲೇ ಬುದ್ಧಿ ಹೇಳಿದೆ. ನಿದ್ದೆ ಬರದಿದ್ದರೆ ಹಾಸಿಗೆಯಲ್ಲಿ ಹೊರಳಾಡಬಾರದು, ಎದ್ದು ಏನಾದರೂ ಕೆಲಸ ಮಾಡಬೇಕು ಎಂದು ಎಲ್ಲೋ ಮೊಬೈಲಿನಲ್ಲಿ ಓದಿದ್ದೆ. ಅದನ್ನು ಸ್ವಂತ ಜ್ಞಾನದ ಹಾಗೆ ಒಪ್ಪಿಸಿದೆ. ಗಂಗಿ ಆತು ಎಂದಳು. ನಾನು ಒಂದು ಗೊಂಚಲು ಕೊಂಡು, ಸೇವೆ ಮಾಡಿದ ಸಮಾಧಾನದಲ್ಲಿ ಮನೆಗೆ ಹೋದೆ.

ಗಂಗಿಗೆ ಕೆಲಸ ಎಂದರೆ ಕೆಲಸ. ಮರುದಿನದಿಂದಲೇ ಅವಳು ರಾತ್ರಿ ಎದ್ದು ಕೂತು ಈರುಳ್ಳಿ ಹೆಣೆಯತೊಡಗಿದಳು. ಮೊದಲು ಮಾರುವ ಗಡ್ಡೆ ಹೆಣೆದಳು. ಅದು ಮುಗಿದ ಮೇಲೂ ನಿದ್ದೆ ಬರಲಿಲ್ಲ. ಆಗ ಒಳಕೋಣೆಯಲ್ಲಿ ಹರವಿದ್ದ ಬೀಜದ ಗಡ್ಡೆಗೆ ಕೈ ಹಾಕಿದಳು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಗಡ್ಡೆಯೂ ಎಲೆಯೂ ಕೂಡುವ ಜಾಗಕ್ಕೆ ಇವರು ಕುತ್ತಿಗೆ ಎನ್ನುತ್ತಾರೆ. ಕಿತ್ತ ಈರುಳ್ಳಿಯನ್ನು ನೆರಳಿನಲ್ಲಿ ಹರವಿ, ಆ ಕುತ್ತಿಗೆ ಪೂರ್ತಿ ಒಣಗುವವರೆಗೆ ಕಾದು ಆಮೇಲೆ ಹೆಣೆಯಬೇಕು. ಹಸಿ ಇರುವಾಗ ಹೆಣೆದರೆ ಒಂದರ ಕೊಳೆ ಇನ್ನೊಂದಕ್ಕೆ ದಾಟಿ ಗೊಂಚಲಿಗೆ ಗೊಂಚಲೇ ಹೋಗುತ್ತದೆ. ಮಾರುವ ಗಡ್ಡೆಯಾದರೆ ಒಂದು ವರ್ಷದ ನಷ್ಟ. ಬೀಜಕ್ಕೆ ಇಟ್ಟ ಗಡ್ಡೆಯಾದರೆ ಹಾಗಲ್ಲ. ಅದನ್ನು ಮಳೆಗಾಲವೆಲ್ಲ ಜೋಪಾನ ಮಾಡಿ, ಮಳೆ ಹೋದ ಮೇಲೆ ನೆಟ್ಟು, ಹೂ ಬಿಡಿಸಿ ಬೀಜ ಮಾಡಿಕೊಳ್ಳುತ್ತಾರೆ. ಗಂಗಿಯ ಬೀಜ ಅವಳ ಅತ್ತೆ ಕೊಟ್ಟದ್ದು, ಅತ್ತೆಗೆ ಅವಳ ಅತ್ತೆ. ಕೇಳಿದರೆ ನೆರೆಯವರು ಬೀಜ ಕೊಡುತ್ತಾರೆ, ಇಲ್ಲವೆಂದಲ್ಲ. ಆದರೆ ಈ ಮನೆಯ ಗಡ್ಡೆಯ ಬಣ್ಣ ಮತ್ತು ಸಿಹಿ ಅಲ್ಲಿಗೆ ಮುಗಿದಂತೆ.

ಹಗಲಾಗಿದ್ದರೆ ಗಂಗಿ ಆ ತಪ್ಪು ಮಾಡುವವಳಲ್ಲ. ಕಣ್ಣು ಮುಚ್ಚಿ ಮುಟ್ಟಿ ನೋಡಿ ಹಸಿ ಯಾವುದು, ಒಣಗಿದ್ದು ಯಾವುದು ಎಂದು ಹೇಳುವ ಬೆರಳು ಅವಳದು. ಆದರೆ ತಿಂಗಳುಗಟ್ಟಲೆ ನಿದ್ದೆಗೆಟ್ಟ ತಲೆಗೆ ಬೆರಳು ಹೇಳಿದ್ದು ಕೇಳಿಸಲಿಲ್ಲ. ಎರಡೇ ರಾತ್ರಿಯಲ್ಲಿ ನಾಲ್ಕು ಗೊಂಚಲು ಹೆಣೆದು ಜಗಲಿಯಲ್ಲಿ ತೂಗುಹಾಕಿದಳು. ಆಮೇಲೆ ಮೇ ತಿಂಗಳ ಅಕಾಲದ ಮಳೆ ಬಂತು, ಅವುಗಳಿಗೆ ತಾಡಪಾಲು ಹೊದಿಸಿದಳು. ವಾರದಲ್ಲಿ ವಾಸನೆ ಎದ್ದಿತು.

ನಾನು ಹೋದಾಗ ಅವಳು ಜಗಲಿಯಲ್ಲಿ ಗೊಂಚಲುಗಳನ್ನು ಬಿಚ್ಚಿಕೊಂಡು ಕೂತಿದ್ದಳು. ಕುತ್ತಿಗೆಗಳೆಲ್ಲ ಕಪ್ಪಾಗಿ, ಒತ್ತಿದರೆ ಬೆರಳು ಒಳಗೆ ಹೋಗುತ್ತಿತ್ತು. ಅವಳು ಅಳುತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. ಅವಳು ಅಳಲಿಲ್ಲ, ನನ್ನನ್ನು ಬೈಯಲೂ ಇಲ್ಲ. ಕೊಳೆತದ್ದನ್ನು ಬುಟ್ಟಿಗೆ ಹಾಕುತ್ತ, ಉಳಿದದ್ದನ್ನು ಒಂದೊಂದೇ ಮೂಸಿ ಗೋಣಿಯ ಮೇಲೆ ಇಡುತ್ತಿದ್ದಳು. ಕೊನೆಗೆ ಉಳಿದವು ಮೂವತ್ತೊಂದು. ನನಗೆ ಎಷ್ಟು ನಾಚಿಕೆಯಾಯಿತೆಂದರೆ, ತಪ್ಪು ನನ್ನದು ಎಂದು ಹೇಳಲೂ ಬಾಯಿ ಬರಲಿಲ್ಲ.

"ಈ ತಲೆ ಇಟ್ಕೊಂಡು ಇಷ್ಟನ್ನೂ ಕಾಯೂಕೆ ನನ್ನಿಂದ ಆಗೂದಿಲ್ಲ ಅಕ್ಕೋರೇ. ಮೊದ್ಲು ತಲೆ ಸರಿ ಮಾಡ್ಕೊಳ್ಬೇಕು. ಯಾರ ಹತ್ರ ಹೋಗ್ಬೇಕು ಹೇಳಿ, ಇವತ್ತೇ ಹೋಪ."

ಆ ಸಲ ನಾನು ಬುದ್ಧಿ ಹೇಳಲಿಲ್ಲ. ಸ್ಕೂಟರಿನ ಹಿಂದೆ ಕೂರಿಸಿಕೊಂಡು ಕುಮಟಾಕ್ಕೆ, ಡಾಕ್ಟರ್ ಅರ್ಚಿತಾ ಅವರ ದವಾಖಾನೆಗೆ ಕರೆದುಕೊಂಡು ಹೋದೆ. ನಮ್ಮ ಶಾಲೆಯ ಮಕ್ಕಳನ್ನು ಪರೀಕ್ಷಿಸಲು ಬಂದಿದ್ದ ಪರಿಚಯ. ಚಿಕ್ಕ ವಯಸ್ಸಿನವರು, ಆದರೆ ಕೇಳಿಸಿಕೊಳ್ಳುವ ತಾಳ್ಮೆ ಇರುವವರು. ಗಂಗಿ ಆಂಬುಲೆನ್ಸಿನ ಕಥೆಯನ್ನು ಮಂಗಳೂರು ಮುಟ್ಟುವವರೆಗೂ ಹೇಳಿದಳು. ಅವರು ನಡುವೆ ಬಾಯಿ ಹಾಕಲಿಲ್ಲ.

ಆಮೇಲೆ ಅವರು ಹೇಳಿದ್ದು ಇಷ್ಟು. ಎಷ್ಟೇ ಹೊತ್ತಿಗೆ ಮಲಗಿದರೂ ಬೆಳಿಗ್ಗೆ ಏಳುವ ಹೊತ್ತು ಬದಲಾಗಬಾರದು, ಹಗಲು ಮಲಗಬಾರದು, ಮಧ್ಯಾಹ್ನದ ಮೇಲೆ ಚಾ ಬೇಡ. ನಿದ್ದೆ ಬಾರದಿದ್ದರೆ ಏಳಬಹುದು, ಆದರೆ ಮಂದ ಬೆಳಕಿನಲ್ಲಿ ಮಾಡುವ ಕೆಲಸ ಬೇಸರ ಬರುವಂಥದ್ದಿರಬೇಕು, ಅದರಿಂದ ಯಾರಿಗೂ ಉಪಯೋಗ ಆಗಬಾರದು. ಮನೆಯ ಚಿಂತೆಗೆಲ್ಲ ಸಂಜೆ ಒಂದು ಹೊತ್ತು ಇಟ್ಟು, ಅಲ್ಲೇ ಕೂತು ಯೋಚಿಸಿ ಮುಗಿಸಬೇಕು. ರಾತ್ರಿ ಬಂದ ಚಿಂತೆಗೆ ನಾಳೆ ಸಂಜೆ ಬಾ ಎನ್ನಬೇಕು. ಇಷ್ಟು ಮಾಡಿಯೂ ಒಂದು ತಿಂಗಳಲ್ಲಿ ಸುಧಾರಿಸದಿದ್ದರೆ ಮತ್ತೆ ಬರಬೇಕು, ಬೇರೆ ದಾರಿ ಇದೆ. ಕೊನೆಗೆ, ಮೂಗಿಗೆ ಕೈ ಇಟ್ಟು ನೋಡುವುದನ್ನು ಒಂದೊಂದೇ ಕಡಿಮೆ ಮಾಡುತ್ತ ಬಂದು ಬಿಟ್ಟುಬಿಡಬೇಕು. ನೋಡಿದಷ್ಟೂ ಭಯ ಬೆಳೆಯುತ್ತದೆ ಎಂದರು.

ಗಂಗಿ ಎಲ್ಲದಕ್ಕೂ ತಲೆಯಾಡಿಸಿದವಳು ಎರಡಕ್ಕೆ ತಕರಾರು ಎತ್ತಿದಳು. ಉಪಯೋಗವಿಲ್ಲದ ಕೆಲಸ ತನಗೆ ಬರುವುದಿಲ್ಲ ಎಂಬುದು ಒಂದು. ಕೈ ಇಟ್ಟು ನೋಡದೆ, ಬೆಳಿಗ್ಗೆ ಎದ್ದಾಗ ಗಂಡ ತಣ್ಣಗಾಗಿದ್ದರೆ ಎಂಬುದು ಇನ್ನೊಂದು. ಡಾಕ್ಟರು ಮೊದಲನೆಯದಕ್ಕೆ ನಕ್ಕರು. ಎರಡನೆಯದಕ್ಕೆ ನಗಲಿಲ್ಲ, ನಿಮ್ಮ ಕೈ ಅದನ್ನು ತಡೆಯುವುದಿಲ್ಲವಲ್ಲ ಎಂದಷ್ಟೇ ಮೆತ್ತಗೆ ಹೇಳಿದರು.

ಮರುದಿನದಿಂದ ಅವಳು ಹಟ ಹಿಡಿದಳು. ಬಾವಿಯ ಹಳೆಯ ಹಗ್ಗವೊಂದನ್ನು ಗೂಟಕ್ಕೆ ಹಾಕಿಟ್ಟುಕೊಂಡಳು. ನಿದ್ದೆ ಬಾರದಾಗ ಅದರ ಎಳೆ ಬಿಚ್ಚುವುದು, ಮತ್ತೆ ಹೊಸೆಯುವುದು. ಇಂಥ ಹಲ್ಕಾ ಕೆಲಸ ಜನ್ಮದಲ್ಲಿ ಮಾಡಿರಲಿಲ್ಲ ಎಂದು ನನ್ನ ಹತ್ತಿರ ದಿನಾ ಬೈಯುತ್ತಿದ್ದಳು, ಆದರೆ ಬಿಡಲಿಲ್ಲ. ಚಾ ಬಿಟ್ಟದ್ದಕ್ಕೆ ಮೂರು ದಿನ ತಲೆಸಿಡಿತ ಬಂತು, ಆಗಲೂ ಬಿಡಲಿಲ್ಲ.

ಸಂಜೆ ಐದಕ್ಕೆ ಜಗಲಿಯ ಅಂಚಿಗೆ ಗೋಣಿ ಹಾಸಿ, ಆ ಮೂವತ್ತೊಂದು ಗಡ್ಡೆಗಳನ್ನು ಮುಂದೆ ಸುರುವಿಕೊಂಡು ಕೂರುತ್ತಿದ್ದಳು. ಒಂದು ಗಡ್ಡೆಯ ಕುತ್ತಿಗೆ ಮುಟ್ಟಿ ನೋಡುವುದು, ಒಂದು ಚಿಂತೆ ಬಾಯಿಬಿಟ್ಟು ಹೇಳುವುದು. ಇದು ಡಾಕ್ಟರು ಹೇಳಿಕೊಟ್ಟದ್ದಲ್ಲ, ಅವಳದೇ ಕ್ರಮ. ಏನಾದರೂ ಮಾಡಬಹುದಾದ ಚಿಂತೆಗೆ ಒಣಗಿದ್ದು ಎನ್ನುತ್ತಿದ್ದಳು, ಮಾಡಲು ಏನೂ ಇಲ್ಲದ್ದಕ್ಕೆ ಹಸಿ. ರಾತ್ರಿ ಆಂಬುಲೆನ್ಸ್ ಸಿಗುವುದೇ? ಒಣಗಿದ್ದು. ಎದ್ದುಹೋಗಿ ದೇವರಾಜನನ್ನೇ ಕೇಳಿದಳು. ಯಾವ ಹೊತ್ತಿಗೆ ಕರೆದರೂ ತಾನು ಬರುತ್ತೇನೆ, ತಾನಿಲ್ಲದಿದ್ದರೆ ಸರಕಾರಿ ಗಾಡಿ ಕರೆಯಬೇಕು ಎಂದು ಅವನು ಎರಡೂ ನಂಬರನ್ನು ಅವಳ ಬಾಗಿಲ ಮೇಲೆ ಸುಣ್ಣದಲ್ಲಿ ಬರೆದುಕೊಟ್ಟ. ಮಾಲತಿಯನ್ನು ಭಟ್ಕಳದಲ್ಲಿ ಹತ್ತಿಸಿಕೊಳ್ಳಬೇಕೇ? ಒಣಗಿದ್ದು. ಫೋನ್ ಮಾಡಿ ಕೇಳಿದಳು, ಕೂಸನ್ನು ಅತ್ತೆ ನೋಡಿಕೊಳ್ಳುತ್ತಾರೆ, ನೀನು ತಲೆಬಿಸಿ ಮಾಡಬೇಡ ಎಂದು ಮಗಳು ಅಂದಳು. ಎದೆನೋವು ಮತ್ತೆ ಬಂದರೆ? ಅದು ಹಸಿ. ಅದನ್ನು ಹೆಣೆಯಲಿಕ್ಕಿಲ್ಲ, ಹರವಿ ಬಿಡುವುದು.

ಬೊಮ್ಮಯ್ಯ ಪಕ್ಕದ ಕಂಬಕ್ಕೆ ಒರಗಿ ಕೂತು ಎಲ್ಲ ಕೇಳುತ್ತಿದ್ದ, ಏನೂ ಹೇಳುತ್ತಿರಲಿಲ್ಲ. ಒಂದು ದಿನ ಮಾತ್ರ, ಹಸಿಯದೇ ಗುಡ್ಡೆ ದೊಡ್ಡದಾಗಿದೆ ಎಂದನಂತೆ. ಗಂಗಿ ಅವನ ಮೇಲೆ ರೇಗಿದಳು. ಆದರೂ ಮರುದಿನ ಅವನು ಅದೇ ಕಂಬದ ಹತ್ತಿರವೇ ಕೂತಿದ್ದ.

ಎಲ್ಲವೂ ಒಂದೇ ಸಮ ಸರಿಹೋಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಜೂನ್ ಮೊದಲ ವಾರ ನಾಲ್ಕು ತಾಸು ಮಲಗಿದಳು, ಎರಡನೇ ವಾರ ಮತ್ತೆ ಒಂದೂವರೆಗೆ ಇಳಿಯಿತು. ಸಿಟ್ಟಿನಿಂದ ಹಗ್ಗವನ್ನು ಬಾವಿಗೆ ಎಸೆದು, ಬೆಳಿಗ್ಗೆ ಕೊಕ್ಕೆ ಹಾಕಿ ತೆಗೆದಳು. ಮೂಗಿಗೆ ಕೈ ಇಡುವುದು ಐದರಿಂದ ಮೂರಾಯಿತು, ಮೂರರಿಂದ ಒಂದಾಯಿತು. ಆ ಒಂದು ಮಾತ್ರ ಹೋಗಲಿಲ್ಲ. ತಿಂಗಳು ತುಂಬಿದಾಗ ಮತ್ತೆ ಡಾಕ್ಟರ ಹತ್ತಿರ ಹೋದೆವು. ಸರಿಯಾದ ದಾರಿಯಲ್ಲೇ ಇದ್ದೀರಿ, ಇನ್ನಷ್ಟು ದಿನ ನೋಡೋಣ ಎಂದರು. ಕುತ್ತಿಗೆ ಪೂರ್ತಿ ಒಣಗಿದ ಮೇಲೆ ಹೆಣೆದು, ಒಲೆಯ ಮೇಲಿನ ಅಟ್ಟದಲ್ಲಿ ಒಂದೇ ಒಂದು ಗೊಂಚಲಾಗಿ ತೂಗುತ್ತಿದ್ದ ಮೂವತ್ತೊಂದು ಗಡ್ಡೆಗಳಲ್ಲಿ ಆ ಹೊತ್ತಿಗೆ ಎರಡು ಹೋಗಿದ್ದವು.

ಮುಂದಿನದನ್ನು ಅವಳು ನನಗೆ ಹೇಳಿದ್ದು ಎಷ್ಟೋ ದಿನದ ಮೇಲೆ.

ಜುಲೈ ತಿಂಗಳ ಒಂದು ರಾತ್ರಿ. ಮಳೆ ಸ್ವಲ್ಪ ಹೊತ್ತು ನಿಂತಿತ್ತು. ಇವತ್ತು ಆ ಒಂದು ಸಲವೂ ಕೈ ಎತ್ತುವುದಿಲ್ಲ ಎಂದು ಗಂಗಿ ನಿರ್ಧಾರ ಮಾಡಿ ಮಲಗಿದ್ದಳು. ಕೈ ತಾನಾಗಿ ಏಳದಿರಲಿ ಎಂದು ಎರಡೂ ಕೈ ಬೆನ್ನ ಕೆಳಗೆ ಹಾಕಿಕೊಂಡಿದ್ದಳು. ಹೊತ್ತು ಕಳೆಯಿತು. ಬೊಮ್ಮಯ್ಯನ ಗೊರಕೆ ಕೇಳಲಿಲ್ಲ. ಇಷ್ಟು ತಿಂಗಳಲ್ಲಿ ಒಂದು ರಾತ್ರಿಯೂ ಹೀಗೆ ಆಗಿರಲಿಲ್ಲ. ಆಂಬುಲೆನ್ಸ್ ಹೊರಟಿತು. ನಾಳೆ ಸಂಜೆ ಬಾ ಎಂದಳು, ಅದು ಕೇಳಲಿಲ್ಲ. ಹಸಿ, ಹಸಿ ಎಂದು ಬಾಯೊಳಗೇ ಹೇಳಿಕೊಂಡಳು. ಎದ್ದು ದೀಪ ಹಾಕಿದರೆ ಒಂದು ನಿಮಿಷದ ಕೆಲಸ. ಆದರೆ ಇವತ್ತು ಎದ್ದರೆ ಜನ್ಮವಿಡೀ ಏಳಬೇಕು ಎಂದು ಅವಳಿಗೆ ಗೊತ್ತಿತ್ತು. ಹಲ್ಲು ಕಚ್ಚಿಕೊಂಡು ಮಲಗಿಯೇ ಇದ್ದಳು, ಕಣ್ಣಿನಿಂದ ನೀರು ಕಿವಿಯ ಕಡೆ ಇಳಿಯುತ್ತಿತ್ತು.

ಕತ್ತಲಲ್ಲಿ ಬೊಮ್ಮಯ್ಯನ ದನಿ ಕೇಳಿತು. "ಇವತ್ತು ಕೈ ತರ್ಲೇ ಇಲ್ಲ ನೀನು."

ಗಂಗಿ ಕೈಗಳನ್ನು ಬೆನ್ನ ಕೆಳಗಿಂದ ಎಳೆದುಕೊಂಡಳು. ಆಮೇಲೆ, ನೀವು ಗೊರಕೆ ಯಾಕೆ ಹೊಡೆಯಲಿಲ್ಲ ಎಂದು ಕೇಳಿದಳು.

"ನಿನ್ನ ಬಳೆ ಸದ್ದಾದ್ರೆ ಹೊಡೀತಿದ್ದೆ. ಇವತ್ತು ಸದ್ದೇ ಆಗ್ಲಿಲ್ಲ."

ಅವನೂ ಅಷ್ಟು ತಿಂಗಳು ಮಲಗಿರಲಿಲ್ಲ. ಮಲಗಿದರೆ ಏಳುತ್ತೇನೋ ಇಲ್ಲವೋ ಎಂಬ ಭಯ ಅವನದು. ಅದನ್ನು ಹೇಳಿದರೆ ಗಂಗಿ ಇನ್ನೂ ಹೆದರುತ್ತಾಳೆ ಎಂದು ಹೇಳಿರಲಿಲ್ಲ. ಅವಳು ಉಸಿರು ನೋಡಲು ಕೈ ಎತ್ತುತ್ತಾಳೆ ಎಂದು ಬಳೆಯ ಸದ್ದಿನಿಂದ ಗೊತ್ತಾದ ಕೂಡಲೇ, ಬದುಕಿದ್ದೇನೆ ಎಂದು ತಿಳಿಯಲಿ, ಇವಳಾದರೂ ಮಲಗಲಿ ಎಂದು ಗೊರಕೆ ಹೊಡೆಯುತ್ತಿದ್ದ. ಒಂದೇ ಕೋಣೆಯಲ್ಲಿ ಎರಡು ಜೀವ, ಒಬ್ಬರಿಗಾಗಿ ಒಬ್ಬರು, ಐದು ತಿಂಗಳು ನಿದ್ದೆಗೆಟ್ಟಿದ್ದವು. ಕೇಳಿ ನನಗೆ ಸಿಟ್ಟು ಬಂತು.

ಆ ರಾತ್ರಿ ಅವರು ಏನು ಮಾತಾಡಿದರು ಎಂದು ಗಂಗಿ ಹೇಳಲಿಲ್ಲ, ನಾನೂ ಕೆದಕಲಿಲ್ಲ. ಮರುದಿನ ಸಂಜೆಯಿಂದ ಖಾಲಿ ಗೋಣಿಯ ಮುಂದೆ ಇಬ್ಬರೂ ಕೂತರು ಎಂಬುದು ಮಾತ್ರ ಗೊತ್ತು. ಅವನ ಪಾಲಿನ ಹಸಿ ಚಿಂತೆಗಳ ಗುಡ್ಡೆ ಅವಳದಕ್ಕಿಂತ ದೊಡ್ಡದಿತ್ತಂತೆ.

ಮಳೆ ಮುಗಿಯುವವರೆಗೆ ಇಪ್ಪತ್ತಾರು ಗಡ್ಡೆ ಉಳಿದವು. ನವೆಂಬರಿನಲ್ಲಿ ನೆಟ್ಟರು, ಇಪ್ಪತ್ತೆರಡು ಹೂ ಬಿಟ್ಟವು. ಬೀಜ ಒಂದು ಚಿಕ್ಕ ಡಬ್ಬಿ ತುಂಬಿತು. ಅದನ್ನು ಗಂಗಿ ನನಗೆ ತೋರಿಸಿದಳು, ಮುಟ್ಟಲು ಕೊಡಲಿಲ್ಲ.

ಈ ಏಪ್ರಿಲಿನಲ್ಲಿ ಒಂದು ಮಧ್ಯಾಹ್ನ ಶಾಲೆಯಿಂದ ಬರುವಾಗ ಗಂಗಿಯ ಗಳದ ಮುಂದೆ ಸ್ಕೂಟರ್ ನಿಲ್ಲಿಸಿದೆ. ಅವಳು ಕಾಲು ಚಾಚಿ ಕೂತು ಗೊಂಚಲು ಹೆಣೆಯುತ್ತಿದ್ದಳು. ಡಾಕ್ಟರ ಹತ್ತಿರ ತೋರಿಸಿಕೊಂಡ ಮೇಲೆ ಬೊಮ್ಮಯ್ಯನಿಗೆ ಮಾತ್ರ ಊಟವಾದ ನಂತರ ಅರ್ಧ ತಾಸು ಮಲಗಲು ಅಪ್ಪಣೆ ಸಿಕ್ಕಿತ್ತು. ಅವನು ಅವಳ ಹಿಂದೆ ತಾಡಪಾಲಿನ ನೆರಳಿನಲ್ಲಿ, ಮುಖದ ಮೇಲೆ ಟವೆಲ್ ಹಾಕಿಕೊಂಡು ಅಂಗಾತ ಮಲಗಿದ್ದ. ಲಾರಿಗಳು ಒಂದೇ ಸಮ ಹೋಗುತ್ತಿದ್ದವು. ಗೊರಕೆ ಇಲ್ಲ, ಅಲುಗಾಟವೂ ಇಲ್ಲ. ನೋಡುತ್ತ ನೋಡುತ್ತ ನನಗೇ ಒಳಗೊಳಗೆ ಹೆದರಿಕೆಯಾಯಿತು. ಎದೆ ಏರಿಳಿಯುತ್ತಿದೆಯೇ ಎಂದು ಬಗ್ಗಿ, ಕತ್ತು ಉದ್ದ ಮಾಡಿದೆ.

ಗಂಗಿ ಹೆಣಿಗೆಯಿಂದ ತಲೆ ಎತ್ತಲಿಲ್ಲ, ಹಿಂತಿರುಗಿಯೂ ನೋಡಲಿಲ್ಲ.

"ಮಲಗ್ಲಿ ಬಿಡಿ ಅಕ್ಕೋರೇ," ಎಂದಳು.